ಹಿರಿಯರ ಆಪರೇಷನ್: ಡೆಲಿರಿಯಂ ಬರುವ ಸಾಧ್ಯತೆಯನ್ನು ಮೊದಲೇ ಅಳೆಯುವುದು ಹೇಗೆ?

ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ. ಮರುದಿನ ರಾತ್ರಿ ಅಜ್ಜ ಡ್ರಿಪ್ ಕೀಳಲು ಹೋಗುತ್ತಾರೆ, ಮಗಳನ್ನೇ ‘ನೀವ್ಯಾರು?’ ಅಂತಾರೆ, ಗೋಡೆ ಮೇಲೆ ಇಲ್ಲದ ಇರುವೆ ತೋರಿಸುತ್ತಾರೆ. ಬೆಳಿಗ್ಗೆ ಸರಿ ಇದ್ದವರು ಸಂಜೆಗೆ ಮತ್ತೆ ಅದೇ ಕಥೆ. ಇದು ಹುಚ್ಚಲ್ಲ, ಡೆಲಿರಿಯಂ. ಹೆಚ್ಚಾಗಿ ಮೊದಲ ಮೂರು ದಿನಗಳಲ್ಲೇ ಕಾಣಿಸಿಕೊಳ್ಳುತ್ತದೆ. ಯಾರಿಗೆ ಬರಬಹುದು ಅಂತ ಒಂದು ಮಟ್ಟಿಗೆ ಮೊದಲೇ ಅಂದಾಜು ಮಾಡಬಹುದು. ಅದಕ್ಕೆ ಬೇಕಾದ ಮಾಹಿತಿ ಲ್ಯಾಬ್ ರಿಪೋರ್ಟ್‌ಗಿಂತ ಜಾಸ್ತಿ ಮನೆಯವರ ಹತ್ತಿರವೇ ಇರುತ್ತದೆ.

ಹೆಜ್ಜೆ 1: ಮರೆವು ಇದೆಯಾ ನೋಡಿ

ಎಲ್ಲಕ್ಕಿಂತ ದೊಡ್ಡ ಸುಳಿವು ಇದು. ಮರೆವು ಮೊದಲೇ ಶುರುವಾಗಿದ್ದರೆ ಅಪಾಯ ತುಂಬಾ ಜಾಸ್ತಿ. ಆದರೆ ಡಾಕ್ಟರ ಎದುರು ಹತ್ತು ನಿಮಿಷ ಚೆನ್ನಾಗಿ ಮಾತಾಡಿ ಬರುವ ಹಿರಿಯರು ಬೇಕಾದಷ್ಟು ಮಂದಿ ಇದ್ದಾರೆ, ಅಲ್ವಾ? ಅದಕ್ಕೇ ‘ಮಿನಿ-ಕಾಗ್’ ಎಂಬ ಪುಟ್ಟ ಪರೀಕ್ಷೆ ಇದೆ. ಮೊದಲು ಮೂರು ಪದ ಹೇಳಿ ನೆನಪಿಟ್ಟುಕೊಳ್ಳಲು ಹೇಳುತ್ತಾರೆ. ಆಮೇಲೆ ಗಡಿಯಾರ ಬರೆದು 11 ಗಂಟೆ 10 ನಿಮಿಷ ತೋರಿಸಲು ಹೇಳುತ್ತಾರೆ. ಇಲ್ಲಿ ಕಾಗದ ಗಮನಿಸಿ. ಕೆಲವರು ಒಂದು ಮುಳ್ಳನ್ನು 11ಕ್ಕೆ, ಇನ್ನೊಂದನ್ನು ನೇರ 10ಕ್ಕೆ ಇಟ್ಟುಬಿಡುತ್ತಾರೆ. ಹತ್ತು ನಿಮಿಷಕ್ಕೆ ಮುಳ್ಳು 2ರ ಮೇಲೆ ಬರಬೇಕು ಅಂತ ಅವರಿಗೆ ಹೊಳೆಯುವುದೇ ಇಲ್ಲ. ಕೊನೆಗೆ ಆ ಮೂರು ಪದ ಕೇಳುತ್ತಾರೆ. ಪದಕ್ಕೆ ಒಂದೊಂದು ಅಂಕ, ಗಡಿಯಾರಕ್ಕೆ ಎರಡು. ಐದಕ್ಕೆ ಮೂರಕ್ಕಿಂತ ಕಡಿಮೆ ಬಂದರೆ ಹುಷಾರಾಗಬೇಕು. ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಿ ಕರೆದುಕೊಂಡು ಹೋಗಬೇಡಿ. ಅಂಕ ಸಿಗುತ್ತದೆ, ಸುಳಿವು ಹೋಗುತ್ತದೆ.

ಹೆಜ್ಜೆ 2: ಮುಚ್ಚಿಡದೆ ಹೇಳಿ

ವಯಸ್ಸು 65 ದಾಟಿದೆಯಾ? ಹಿಂದೆ ಆಸ್ಪತ್ರೆಯಲ್ಲಿದ್ದಾಗ ಹೀಗೆ ಗೊಂದಲ ಆಗಿತ್ತಾ? ಕಿವಿ, ಕಣ್ಣು ಮಂದವಾ? ಸ್ನಾನಕ್ಕೆ, ನಡೆಯೋಕೆ ಇನ್ನೊಬ್ಬರ ಸಹಾಯ ಬೇಕಾ? ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಕುಡಿತದ ವಿಷಯ ಮಾತ್ರ ಮನೆಯವರು ನಾಚಿಕೆಯಿಂದ ನುಂಗಿಬಿಡುತ್ತಾರೆ. ಹಾಗೆ ಮಾಡಬೇಡಿ. ದಿನಾ ಕುಡಿಯುವವರಿಗೆ ಆಸ್ಪತ್ರೆಯಲ್ಲಿ ದಿಢೀರನೆ ಅದು ನಿಂತರೆ, ಅದೇ ಡೆಲಿರಿಯಂಗೆ ದಾರಿ.

ಹೆಜ್ಜೆ 3: ಮಾತ್ರೆ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ

ಚೀಟಿ ಸಾಲದು, ಅಂಗಡಿಯಿಂದ ತಾವೇ ತಂದುಕೊಂಡ ಮಾತ್ರೆಗಳು ಅದರಲ್ಲಿ ಇರುವುದಿಲ್ಲ. ಅಲರ್ಜಿಗೆ ಕೊಡುವ ಡೈಫೆನ್‌ಹೈಡ್ರಮೈನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್, ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್, ನಿದ್ರೆಗೆ ಅಂತ ನುಂಗುವ ಡಯಾಜೆಪಾಮ್ ಜಾತಿಯ ಮಾತ್ರೆಗಳು ವಯಸ್ಸಾದ ಮೆದುಳನ್ನು ಮಂಕು ಮಾಡುತ್ತವೆ. ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ. ಕೆಲವನ್ನು ನಿಧಾನವಾಗಿಯೇ ಬಿಡಿಸಬೇಕು.

ಹೆಜ್ಜೆ 4: ಆಪರೇಷನ್ ಯಾವುದು?

ಕಣ್ಣಿನ ಪೊರೆ ತೆಗೆಯುವುದಕ್ಕೂ ಹೃದಯದ ಆಪರೇಷನ್‌ಗೂ ಹೋಲಿಕೆ ಇಲ್ಲ. ತುರ್ತಾಗಿ ಮಾಡುವ ಆಪರೇಷನ್‌ಗಳಲ್ಲಿ ಅಪಾಯ ಜಾಸ್ತಿ. ಚಿಕಿತ್ಸೆಗೆ ಮಾರ್ಗಸೂಚಿ ಬರೆಯುವ ಬ್ರಿಟನ್‌ನ ನೈಸ್ (NICE) ಸಂಸ್ಥೆಯ 2010ರ ಮಾರ್ಗಸೂಚಿ ನಾಲ್ಕೇ ಪ್ರಶ್ನೆ ಕೇಳುತ್ತದೆ: 65 ಅಥವಾ ಹೆಚ್ಚು ವಯಸ್ಸು, ಮರೆವು, ಸೊಂಟದ ಮೂಳೆ ಮುರಿತ, ತೀವ್ರ ಕಾಯಿಲೆ. ಒಂದಕ್ಕೆ ‘ಹೌದು’ ಅಂದರೂ ಅಪಾಯ ಇದೆ ಎಂದೇ ಲೆಕ್ಕ.

ಹೆಜ್ಜೆ 5: ಅಂಕ ಕೂಡಿಸುವುದು

ಇದು ಡಾಕ್ಟರ ಕೆಲಸ. 1994ರಲ್ಲಿ ಅಮೆರಿಕದ ವೈದ್ಯ ಎಡ್ವರ್ಡ್ ಮಾರ್ಕಂಟೋನಿಯೊ ಮತ್ತು ಜೊತೆಗಾರರು ಮಾಡಿದ ಲೆಕ್ಕದಲ್ಲಿ 70 ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸು, ಕುಡಿತ, ಮರೆವು, ಓಡಾಟದ ಶಕ್ತಿ ಕಡಿಮೆ, ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಅಥವಾ ಸಕ್ಕರೆಯ ತೀವ್ರ ಏರುಪೇರು, ಇವಕ್ಕೆಲ್ಲ ಒಂದೊಂದು ಅಂಕ. ದೊಡ್ಡ ರಕ್ತನಾಳ ಮಹಾಪಧಮನಿ ಉಬ್ಬಿರುವುದಕ್ಕೆ ಮಾಡುವ ಆಪರೇಷನ್‌ಗೆ ಎರಡು. ಅಂಕ ಜಾಸ್ತಿ ಬಂತು ಅಂತ ಆಪರೇಷನ್ ಬೇಡ ಅನ್ನಬೇಡಿ. ಸೊಂಟದ ಮೂಳೆ ಮುರಿದವರನ್ನು ನೋವಿನಲ್ಲಿ ಸುಮ್ನೆ ಮಲಗಿಸಿದರೂ ಡೆಲಿರಿಯಂ ಬರುತ್ತದೆ.

ಹೆಜ್ಜೆ 6: ಅಂಕವನ್ನು ಕೆಲಸಕ್ಕೆ ಹಚ್ಚಿ

ವಯಸ್ಸು ಇಳಿಸಲಾಗದು, ಕನ್ನಡಕವನ್ನು ಕೈಗೆ ಕೊಡಬಹುದು. ಅಮೆರಿಕದ ವೈದ್ಯೆ ಶರೋನ್ ಇನೋಯೆ ಅವರ ತಂಡ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಡಿದ್ದು ಇಂಥ ಸರಳ ಕೆಲಸಗಳನ್ನೇ: ಕಿವಿ ಯಂತ್ರ, ಕನ್ನಡಕ, ನೀರು, ಬೇಗ ನಡೆಸುವುದು, ರಾತ್ರಿ ನಿದ್ರೆ ಕೆಡಿಸದಿರುವುದು, ದಿನ-ಜಾಗ ನೆನಪಿಸುವುದು. ಡೆಲಿರಿಯಂ ಶೇ 15ರಿಂದ ಶೇ 9.9ಕ್ಕೆ ಇಳಿಯಿತು. ಆ ಅಧ್ಯಯನದಲ್ಲಿದ್ದವರು ಆಪರೇಷನ್ ಆದವರಲ್ಲ, ಬೇರೆ ಕಾಯಿಲೆಗೆ ದಾಖಲಾದ ಹಿರಿಯರು. ಆದರೂ ಉಪಾಯ ಎರಡೂ ಕಡೆ ಒಂದೇ. ಕಿವಿ ಯಂತ್ರದ ಡಬ್ಬಿ ಮೇಲೆ ಹೆಸರು ಬರೆದು, ಅರಿವಳಿಕೆ ಇಳಿದು ಎಚ್ಚರ ಆಗುವಾಗ ಕೈಗೆ ಸಿಗುವ ಹಾಗೆ ನರ್ಸ್ ಹತ್ತಿರ ಕೊಟ್ಟಿರಿ.

ಹೆಜ್ಜೆ 7: ಆಪರೇಷನ್ ಆದ ಮೇಲೆ

ಕೂಗಾಡುವ ಅಜ್ಜನನ್ನು ಎಲ್ಲರೂ ನೋಡುತ್ತಾರೆ. ತೆಪ್ಪಗೆ ಮಲಗಿ, ಕರೆದರೆ ಅರೆಗಣ್ಣು ತೆರೆದು ಮತ್ತೆ ಮುಚ್ಚುವ ಅಜ್ಜಿಯನ್ನು ‘ಪಾಪ, ಸುಸ್ತಾಗಿದ್ದಾರೆ’ ಅಂತ ಬಿಟ್ಟುಬಿಡುತ್ತಾರೆ. ಅದೂ ಡೆಲಿರಿಯಂ ಆಗಿರಬಹುದು. ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳಿಸಿ ನೋಡಿ. ನಿನ್ನೆ ಹೇಳುತ್ತಿದ್ದವರು ಇವತ್ತು ನವೆಂಬರ್‌ಗೇ ನಿಂತರೆ ನರ್ಸ್‌ನ ಕರೆದು ‘ಇವರು ನಿನ್ನೆ ಹೀಗಿರಲಿಲ್ಲ’ ಅನ್ನಿ.