ತೋಮಿಯೋಕಾ ರೇಷ್ಮೆ ಗಿರಣಿಯನ್ನು ನೋಡುವ ಕ್ರಮ

ಜಪಾನಿನ ತಕಾಸಾಕಿಯಲ್ಲಿ ಜೋಶಿನ್ ರೈಲು ಹತ್ತಿ, ಸುಮಾರು 40 ನಿಮಿಷದ ನಂತರ ಜೋಶು-ತೋಮಿಯೋಕಾದಲ್ಲಿ ಇಳಿದು ನಡೆಯಿರಿ. 1872ರ ಈ ಗಿರಣಿ 1987ರಲ್ಲಿ ನಿಂತಿತು; 2014ರಿಂದ ವಿಶ್ವ ಪರಂಪರೆಯ ತಾಣ.

ನೇರವಾಗಿ ಯಂತ್ರಗಳತ್ತ ಹೋಗಬೇಡಿ, ಮೊದಲು ಗೂಡಿನ ಉಗ್ರಾಣ ನೋಡಿ. ಗೂಡು ಬರುತ್ತಿದ್ದುದು ಹಂಗಾಮಿನಲ್ಲಿ, ಗಿರಣಿ ಓಡುತ್ತಿದ್ದುದು ವರ್ಷವಿಡೀ. ಒಣಗಿಸಿದ ಗೂಡಿಗೆ ತೇವ ತಾಗಿದರೆ ಬೂಷ್ಟು. ಅದಕ್ಕೇ ಮಹಡಿಯ ಉದ್ದಕ್ಕೂ ಕಿಟಕಿಗಳ ಸಾಲು. ಗೋಡೆಗೆ ಹತ್ತಿರ ನಿಲ್ಲಿ: ಮರದ ಚೌಕಟ್ಟು, ನಡುವೆ ಇಟ್ಟಿಗೆ, ಒಂದೇ ವರಸೆಯಲ್ಲಿ ಒಂದು ಉದ್ದ, ಒಂದು ಅಡ್ಡ. ಸಂದಿಗೆ ಸಿಮೆಂಟಲ್ಲ, ಸುಣ್ಣದ ಗಾರೆ. ಎರಡು ಉಗ್ರಾಣಗಳಲ್ಲಿ ಪಶ್ಚಿಮದ್ದರ ಕೆಳ ಅಂತಸ್ತಿನಲ್ಲೀಗ ಗಾಜಿನ ಸಭಾಂಗಣವಿದೆ.

ಬಿಚ್ಚಾಣಿಕೆ, ಅಂದರೆ ಗೂಡಿನಿಂದ ನೂಲು ತೆಗೆಯುವ, ಕಟ್ಟಡದಲ್ಲಿ ತಲೆಯೆತ್ತಿ ನೋಡಿ. ತೊಲೆಗಳನ್ನು ತ್ರಿಕೋನವಾಗಿ ಜೋಡಿಸಿದ ಕಟ್ಟು ಛಾವಣಿಯನ್ನು ಹೊರುವುದರಿಂದ ನಡುವೆ ಕಂಬವೇ ಇಲ್ಲ.

ನೂಲು ತೆಗೆದು ತೋರಿಸುತ್ತಿದ್ದರೆ ಬಾಣಲೆಯ ನೀರನ್ನು ಗಮನಿಸಿ: ಅದು ತಣ್ಣಗಾದರೆ ಗೂಡಿನ ಅಂಟು ಸಡಿಲವಾಗದು, ಎಳೆ ಹರಿಯುತ್ತದೆ.