ಕಾಂಟೆಸ್ಸಾ ಎಸಿ: ಕಂಪ್ರೆಸರ್ ಬಿಚ್ಚುವ ಮುನ್ನ ನಾನು ನೋಡುವುದು

ಹಳೇ ಕಾರಿನ ಎಸಿ ತಣ್ಣಗಾಗದಿದ್ದರೆ ಗ್ಯಾರೇಜಿನಲ್ಲಿ ಕೇಳುವ ಮೊದಲ ಮಾತು ‘ಕಂಪ್ರೆಸರ್ ಹೋಗಿದೆ ಸಾರ್’. ಕಂಪ್ರೆಸರ್ ಎಂದರೆ ಎಸಿ ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು. ನನ್ನ 1.8 ಕಾಂಟೆಸ್ಸಾದಲ್ಲಿರುವುದು ಐದು ಪಿಸ್ಟನ್ನಿನ ಸ್ಯಾಂಡೆನ್ 508 ಮಾದರಿ. ಒಳಗೆ ಎಣ್ಣೆಯಿದ್ದರೆ ಅಷ್ಟು ಸುಲಭಕ್ಕೆ ಸಾಯುವ ಜಾತಿಯಲ್ಲ. ಹೆಚ್ಚು ಸಲ ಕೈಕೊಡುವುದು ಅದರ ಮೂತಿಯಲ್ಲಿರುವ ಕ್ಲಚ್ (ಕರೆಂಟು ಬಂದಾಗ ಕಾಯಿಲ್ ಅಯಸ್ಕಾಂತವಾಗಿ ಮುಂದಿನ ಪ್ಲೇಟನ್ನು ಬೆಲ್ಟಿನ ಪುಲ್ಲಿಗೆ ಅಂಟಿಸುವ ಭಾಗ), ಇಲ್ಲವೇ ಅಲ್ಲಿಗೆ ಹೋಗುವ ತಂತಿ.

ಮೊದಲು ಎಂಜಿನ್ ಆಫ್ ಇರುವಾಗಲೇ ಗೇಜ್ ಹಾಕುತ್ತೇನೆ. 30 ಡಿಗ್ರಿ ಸೆಖೆಯಲ್ಲಿ ಆರ್-134ಎ ಗ್ಯಾಸ್ ಇರುವ ಸಿಸ್ಟಂ ಎರಡೂ ಕಡೆ (ಕಂಪ್ರೆಸರಿಗೆ ಗ್ಯಾಸ್ ಬರುವ ಲೋ ಕಡೆ, ಹೊರಡುವ ಹೈ ಕಡೆ) ಸುಮಾರು 97 ಪಿಎಸ್‌ಐ ತೋರಿಸಬೇಕು. ತೋರಿಸಿದರೆ ಒಳಗೆ ಸ್ವಲ್ಪವಾದರೂ ದ್ರವ ಇದೆ ಎಂದಷ್ಟೇ ಅರ್ಥ, ಗ್ಯಾಸ್ ಭರ್ತಿ ಇದೆ ಎಂದಲ್ಲ. ಮುಳ್ಳು 50ರಲ್ಲಿ ನಿಂತಿದ್ದರೆ ಲೀಕ್ ಹುಡುಕಬೇಕು. ಇನ್ನೂ ಕೆಳಗಿಳಿದಿದ್ದರೆ ಲೋ ಪ್ರೆಶರ್ ಸ್ವಿಚ್ಚೇ ಕ್ಲಚ್ಚನ್ನು ತಡೆದಿರುತ್ತದೆ. ಅದು ಅದರ ಕೆಲಸ, ದೋಷವಲ್ಲ.

ಗ್ಯಾಸ್ ಇದ್ದೂ ಕ್ಲಚ್ ಹಿಡಿಯದಿದ್ದರೆ ಟೆಸ್ಟ್ ಲ್ಯಾಂಪ್ ನಂಬಬೇಡಿ. 9 ವೋಲ್ಟ್ ಬಂದರೂ ಅದು ಉರಿಯುತ್ತದೆ. ಕಾಯಿಲ್‌ಗೆ 12 ವೋಲ್ಟಿನಲ್ಲಿ 3.6ರಿಂದ 4.2 ಆಂಪಿಯರ್ ಬೇಕು. ಹಳೇ ವೈರಿಂಗ್‌ನಲ್ಲಿ ಇಷ್ಟೂ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್, ಥರ್ಮೋಸ್ಟಾಟ್, ಪ್ರೆಶರ್ ಸ್ವಿಚ್ ಎಲ್ಲವನ್ನೂ ಸುತ್ತಿ ಬರುತ್ತದೆ, ಒಂದೊಂದು ಕಡೆ ಅರ್ಧರ್ಧ ವೋಲ್ಟ್ ಕಳೆದುಕೊಂಡು. ಆದ್ದರಿಂದ ಕನೆಕ್ಟರ್ ಬಿಚ್ಚದೆ, ಲೋಡ್ ಇರುವಾಗಲೇ ಮೀಟರ್ ಹಿಡಿಯಬೇಕು. ಎಂಜಿನ್ ಓಡುತ್ತಿರುವಾಗ 12ಕ್ಕಿಂತ ಕಡಿಮೆ ಬಂದರೆ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹರಿಸುವ ಸ್ವಿಚ್) ಹಾಕಿ, ಅದರ ಪಿನ್ ನಂಬರಿನಂತೆ: ಹಳೇ ತಂತಿ 86ಕ್ಕೆ, ಅರ್ತ್ 85ಕ್ಕೆ, ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಸ್ ದಾಟಿ 30ಕ್ಕೆ, 87ರಿಂದ ಕ್ಲಚ್‌ಗೆ. ಕಂಪ್ರೆಸರ್ ಬಾಡಿ ಮತ್ತು ಬ್ಯಾಟರಿ ನೆಗೆಟಿವ್ ನಡುವೆಯೂ ಅಳೆಯಿರಿ. 0.2 ವೋಲ್ಟ್ ಮೀರಿದರೆ ಅರ್ತ್ ಸರಿಯಿಲ್ಲ. ಒಂದೇ ತಂತಿಯ ಕ್ಲಚ್ ಬ್ರಾಕೆಟ್ ಮೂಲಕವೇ ಅರ್ತ್ ಹುಡುಕಿಕೊಳ್ಳುತ್ತದೆ. ಬ್ರಾಕೆಟ್‌ಗೆ ಚೆಂದಕ್ಕೆಂದು ಪೇಂಟ್ ಬಳಿದಿದ್ದರೆ ಕಥೆ ಮುಗಿಯಿತು.

ಬೆಳಿಗ್ಗೆ ತಣ್ಣಗೆ, ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ನಿಂತ ಮೇಲೆ ಬಿಸಿ ಗಾಳಿ: ಇದು ಗ್ಯಾಸಿನ ತೊಂದರೆ ಎಂದು ಮತ್ತೆ ಮತ್ತೆ ಗ್ಯಾಸ್ ತುಂಬಿಸಿಕೊಂಡವರಿದ್ದಾರೆ. ನಿಜವಾದ ಕಾರಣ ಬಹುಪಾಲು ಕ್ಲಚ್ ಗ್ಯಾಪ್. ಪ್ಲೇಟ್ ಸವೆದಷ್ಟೂ ಗ್ಯಾಪ್ ಹಿಗ್ಗುತ್ತದೆ. ಕಾಯಿಲ್ ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಏರಿ ಸೆಳೆತ ಕುಗ್ಗುತ್ತದೆ. ಎರಡೂ ಸೇರಿದಾಗ ಪ್ಲೇಟ್ ಅಂಟುವುದಿಲ್ಲ. ತೊಂದರೆ ಬಂದ ಆ ಕ್ಷಣದಲ್ಲೇ ಎಂಜಿನ್ ಆಫ್ ಮಾಡಿ, ಬ್ಯಾಟರಿಯಿಂದ ಕ್ಲಚ್‌ಗೆ ನೇರ ತಂತಿ ಕೊಟ್ಟು, ಸುತ್ತಿಗೆಯ ಮರದ ಹಿಡಿಯಿಂದ ಮುಂದಿನ ಪ್ಲೇಟನ್ನು ಮೆಲ್ಲಗೆ ಒತ್ತಿ. ‘ಟಕ್’ ಎಂದು ಕಚ್ಚಿಕೊಂಡು ಅಲ್ಲೇ ನಿಂತರೆ ಕಾಯಿಲ್ ಜೀವಂತ ಇದೆ, ಗ್ಯಾಪ್ ಜಾಸ್ತಿಯಾಗಿದೆ. ಫೀಲರ್ ಗೇಜಿನಲ್ಲಿ ಮೂರು ಕಡೆ ಅಳೆದು, ನಟ್ ಬಿಚ್ಚಿ, ಪ್ಲೇಟಿನ ಹಿಂದಿನ ಒಂದು ಶಿಮ್ (ತೆಳು ವಾಷರ್) ತೆಗೆದರೆ 0.4ರಿಂದ 0.8 ಮಿ.ಮೀ. ಒಳಗೆ ಬರುತ್ತದೆ. ನಾನು 0.5 ಇಡುತ್ತೇನೆ.

ಸದ್ದು ಕ್ಲಚ್ ಆಫ್ ಇದ್ದಾಗಲೂ ಇದ್ದರೆ ಪುಲ್ಲಿ ಬೇರಿಂಗ್. ಆನ್ ಆದಾಗ ಮಾತ್ರ ಬಂದರೆ ಮೊದಲು ಬ್ರಾಕೆಟ್ ಬೋಲ್ಟ್ ಬಿಗಿ ಮಾಡಿ ನೋಡಿ.

ಕ್ಲಚ್ ಹಿಡಿದೂ ತಂಪಿಲ್ಲವೆಂದರೆ 1500 ಆರ್‌ಪಿಎಂನಲ್ಲಿ ಗೇಜ್ ಓದಬೇಕು. ಲೋ ಕಡೆ 80, ಹೈ ಕಡೆ 120 ಎಂದು ಎರಡೂ ಹತ್ತಿರ ಬಂದಿದ್ದರೆ ಕಂಪ್ರೆಸರಿನ ರೀಡ್ ವಾಲ್ವ್ (ಒಳಗಿನ ತೆಳು ಪಟ್ಟಿಯ ಕವಾಟ) ಅಥವಾ ಅದರ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಆದರೆ ಎಕ್ಸ್‌ಪಾನ್ಶನ್ ವಾಲ್ವ್ (ತಂಪು ಮಾಡುವ ಕಡೆಗೆ ಗ್ಯಾಸನ್ನು ಅಳೆದು ಬಿಡುವ ಕಿಂಡಿ) ತೆರೆದೇ ಸಿಕ್ಕಿಕೊಂಡರೂ ಲೋ ಕಡೆ ಏರುತ್ತದೆ. ಕಂಪ್ರೆಸರ್‌ಗೆ ವಾಪಸ್ ಬರುವ ದಪ್ಪ ಪೈಪ್ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ತಪ್ಪು ಕಂಪ್ರೆಸರಿನದು. ಬೆವರಿ ತಣ್ಣಗಿದ್ದರೆ ವಾಲ್ವಿನದು. ಹೈ ಕಡೆ 300 ದಾಟಿದ್ದರೆ, ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್‌ಗೆ ಒಂದು ಚೊಂಬು ನೀರು ಎರಚಿ. ಮುಳ್ಳು ಸರ್ರನೆ ಇಳಿದರೆ ಫ್ಯಾನ್ ಗಾಳಿ ಸಾಲುತ್ತಿಲ್ಲ. ಆರ್-134ಎಗಿಂತ ಮೊದಲಿದ್ದ ಆರ್-12 ಗ್ಯಾಸಿನ ಕಾಲದ ಹಳೇ ಕಂಡೆನ್ಸರ್ ಉಳಿಸಿಕೊಂಡು ಗ್ಯಾಸ್ ಮಾತ್ರ ಬದಲಿಸಿದ ಕಾರುಗಳಲ್ಲಿ ಇದು ಮಾಮೂಲು.

ತಿಂಗಳುಗಟ್ಟಲೆ ಕವರ್ ಹಾಕಿ ನಿಲ್ಲಿಸಿದ ಕಾರಿನಲ್ಲಿ ಶಾಫ್ಟ್ ಸೀಲ್ ಒಣಗಿ ಸೋರುತ್ತದೆ. ಬಾನೆಟ್ಟಿನ ಒಳಮೈಯಲ್ಲಿ ಕ್ಲಚ್ ನೇರಕ್ಕೆ ಎಣ್ಣೆ ಎರಚಿದ ಗೆರೆ ಕಂಡರೆ ಬೇರೆ ಸಾಕ್ಷಿ ಬೇಡ. ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿದರೆ ಸೀಲ್ ಒದ್ದೆಯಾಗಿರುತ್ತದೆ.

ಕಂಪ್ರೆಸರ್ ಇಳಿಸಲೇಬೇಕಾದರೆ, ಒಳಗಿನ ಎಣ್ಣೆಯನ್ನು ಬಿಳಿ ಬಟ್ಟಲಿಗೆ ಸುರಿಯಿರಿ. ಬೆಳ್ಳಿಪುಡಿಯಂತೆ ಮಿನುಗಿದರೆ ಅದು ಪಿಸ್ಟನ್ ಅಲ್ಯೂಮಿನಿಯಂ. ಆ ಪುಡಿ ಕಂಡೆನ್ಸರಿನಲ್ಲೂ ಕೂತಿರುತ್ತದೆ. ಫ್ಲಶ್ ಮಾಡದೆ, ತೇವ ಹೀರುವ ಡ್ರೈಯರ್ ಬದಲಿಸದೆ ಹೊಸದನ್ನು ಕೂರಿಸಿದರೆ ಹಳೆಯದರ ಗತಿಯೇ ಹೊಸದಕ್ಕೂ. ಆರ್-12ಕ್ಕೆ ಮಿನರಲ್ ಎಣ್ಣೆ, ಆರ್-134ಎಗೆ ಪ್ಯಾಗ್ ಎಂಬ ಸಿಂಥೆಟಿಕ್ ಎಣ್ಣೆ. ಹಳೇ ಮಿನರಲ್ ಎಣ್ಣೆ ಆರ್-134ಎ ಜೊತೆ ಬೆರೆಯುವುದಿಲ್ಲ, ಹಾಗಾಗಿ ಕಂಪ್ರೆಸರ್‌ಗೆ ವಾಪಸ್ ಬರುವುದೂ ಇಲ್ಲ. ಬಿಚ್ಚಿದ ಕಡೆಯಲ್ಲೆಲ್ಲ ಹೊಸ ಓ-ರಿಂಗ್. ಕೂರಿಸಿದ ಮೇಲೆ, ಕ್ಲಚ್ ಆನ್ ಮಾಡುವ ಮೊದಲು, ಮುಂದಿನ ಪ್ಲೇಟ್ ಹಿಡಿದು ಕೈಯಲ್ಲೇ ಹತ್ತು ಸುತ್ತು ತಿರುಗಿಸಿ. ಸಿಲಿಂಡರಿನಲ್ಲಿ ನಿಂತ ಎಣ್ಣೆ ಹೊರಹೋಗದಿದ್ದರೆ ಮೊದಲ ಸುತ್ತಿಗೇ ರೀಡ್ ಮುರಿಯಬಹುದು.

ಲೀಕ್ ಟೆಸ್ಟಿಗೆ ನೈಟ್ರೋಜನ್ 150 ಪಿಎಸ್‌ಐ ಮತ್ತು ಸೋಪಿನ ನೊರೆ. ಆಕ್ಸಿಜನ್ ಮಾತ್ರ ಬೇಡ, ಎಣ್ಣೆ ತಾಗಿದರೆ ಸ್ಫೋಟ. ಆಮೇಲೆ 45 ನಿಮಿಷ ವ್ಯಾಕ್ಯೂಮ್. ಪುಸ್ತಕದಲ್ಲಿ ಪಾದರಸದ 29 ಇಂಚು ಎಂದಿರುತ್ತದೆ. ಮಂಗಳೂರಿನಲ್ಲಿ ಅದು ಸರಿ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ, ಗೇಜ್ 27ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಅದಕ್ಕಾಗಿ ಪಂಪನ್ನು ಬೈಯಬೇಡಿ. ಅರ್ಧ ಗಂಟೆ ಮುಳ್ಳು ಅಲುಗದಿದ್ದರೆ ಗ್ಯಾಸ್ ಹಾಕಬಹುದು: ಹಳೇ ಆರ್-12 ತೂಕದ ಶೇ. 80ರಿಂದ 85, ಅಂದರೆ 900 ಗ್ರಾಂ ಹಿಡಿಯುತ್ತಿದ್ದ ಕಡೆ 720ರಿಂದ 765. ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟೇ ತುಂಬಬೇಕು. ಡ್ರೈಯರ್ ಮೇಲಿನ ಗಾಜಿನಲ್ಲಿ ಕಾಣುವ ಗುಳ್ಳೆ ನಿಲ್ಲುವವರೆಗೆ ತುಂಬುವುದು ಆರ್-12ರ ಪದ್ಧತಿ. ಆರ್-134ಎಯಲ್ಲಿ ಹಾಗೆ ಮಾಡಿದರೆ ಅತಿಯಾಗಿ, ಮತ್ತೆ ಹೈ ಕಡೆ 300 ಮುಟ್ಟುತ್ತದೆ.