ಗಿಡಕ್ಕೆ ಚೀಲ ಕಟ್ಟಿ ನೋಡಿದೆ

ಶಿರಹಟ್ಟಿ ತಾಲ್ಲೂಕಿನ ನಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ 2022ರ ಜೂನ್‌ನಲ್ಲಿ ಬೇಗ ಬೆಳೆಯುವ ಮರ ಅಂತ 80 ಹೆಬ್ಬೇವು ಗಿಡ ಹಚ್ಚಿದ್ದೆ. ಮೊದಲ ವರ್ಷವೇ ಆಳೆತ್ತರ ದಾಟಿದವು. ಮರುವರ್ಷ ಬರ. ಆಗಸ್ಟ್ ಪೂರಾ ಒಣ ಹೋಯಿತು. ಬೋರ್ ಅರ್ಧ ತಾಸು ಓಡಿದರೆ ದೊಡ್ಡದು.

ದಿನಾ ಸಂಜೆ ಗಿಡಕ್ಕೊಂದು ಕೊಡ ನೀರು ಹಾಕುತ್ತಿದ್ದೆ. ಆದರೂ ಎಲೆ ಜೋತೇ ಇರುತ್ತಿದ್ದವು. ಶಕ್ತಿ ಸಾಲುತ್ತಿಲ್ಲವೇನೋ ಅಂತ ಒಂದು ಸಾಲಿಗೆ ಯೂರಿಯಾ ಬೇರೆ ಹಾಕಿದೆ.

ಪಕ್ಕದ ಹೊಲದ ಕಾಕಾ, "ಮಧ್ಯಾಹ್ನ ಎಲ್ಲಾ ಗಿಡ ಬಾಡತಾವು ತಮ್ಮಾ, ಮುಂಜಾನೆ ಬಂದು ನೋಡು" ಅಂದರು. ಆರಕ್ಕೇ ಹೋದೆ. ಆಗಲೂ ಜೋತಿದ್ದವು. ರಾತ್ರಿಯಿಡೀ ಬೇರು ಎಳೆದರೂ ಎಲೆ ಸೆಟೆದಿಲ್ಲ ಅಂದರೆ ಅದು ನಿಜವಾದ ಬಾಯಾರಿಕೆ. ಸಲಿಕೆಯಿಂದ ಕೆದರಿದೆ. ಮೇಲೆ ನಾಲ್ಕು ಬೆರಳು ಹಸಿ, ಕೆಳಗೆ ಪುಡಿಪುಡಿ ಮಣ್ಣು. ನನ್ನ ಕೊಡದ ನೀರು ಬಿಸಿಲಿಗೇ ಹೋಗುತ್ತಿತ್ತು.

ಆಮೇಲೆ ಒಂದು ಹುಚ್ಚಾಟ ಮಾಡಿದೆ. ನೀರಿನ ಟಾಕಿ ಸೋರುವ ಕಡೆ ಒಂದು ಗಿಡವಿತ್ತು. ಅದರ ಒಂದು ಟೊಂಗೆಗೂ, ಬಾಡಿದ ಒಂದು ಗಿಡದ ಅಷ್ಟೇ ಎಲೆಯ ಟೊಂಗೆಗೂ ಬೆಳಿಗ್ಗೆ 11ಕ್ಕೆ ಒಂದೊಂದು ಪ್ಲಾಸ್ಟಿಕ್ ಚೀಲ ಕಟ್ಟಿದೆ. ಮಧ್ಯಾಹ್ನ ಒಂದಕ್ಕೆ ಬಿಚ್ಚಿದೆ. ಟಾಕಿ ಗಿಡದ ಚೀಲದಲ್ಲಿ ಎರಡು ಚಮಚದಷ್ಟು ನೀರು. ಬಾಡಿದ್ದರಲ್ಲಿ ಬರೀ ಬೆವರಿನ ಹನಿ. ಚೀಲದೊಳಗೆ ಬಿಸಿ ಜಾಸ್ತಿ, ಹಾಗಾಗಿ ಇದು ಅಳತೆ ಅಲ್ಲ, ಹೋಲಿಕೆ ಅಷ್ಟೇ. ಬರದಲ್ಲಿ ಗಿಡ ಎಲೆಯ ಸಣ್ಣ ಬಾಯಿಗಳನ್ನು, ಅಂದರೆ ಪತ್ರರಂಧ್ರಗಳನ್ನು, ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ. ಆದರೆ ಗಾಳಿಯೂ ಒಳಗೆ ಹೋಗದೆ ಬೆಳವಣಿಗೆ ನಿಲ್ಲುತ್ತದೆ.

ಬಾಡಿದ ಗಿಡಕ್ಕೆ ಐದು ಕೊಡ ಸುರಿದೆ. ಮರುದಿನ ಎಲೆ ನಿಂತವು, ಆದರೆ ಮತ್ತೆ ಚೀಲ ಕಟ್ಟಿ ನೋಡಿದರೆ ಮೊದಲಿನ ಹಾಗೇ ಬರೀ ಹನಿ. ಟಾಕಿ ಗಿಡದ ಸಮಕ್ಕೆ ಬರಲು ವಾರ ಹಿಡಿಯಿತು. ಒಣಗಿದಾಗ ಎಳೆ ಬೇರುಗಳು ಸತ್ತಿರುತ್ತವೆ, ಹೊಸ ಬೇರು ಬರಬೇಕಲ್ವಾ?

ದಿನದ ಕೊಡ ಬಿಟ್ಟೆ. ದಿನಕ್ಕೆ ಹತ್ತೇ ಗಿಡ, ಒಂದಕ್ಕೆ ಐದು ಕೊಡ. ಎಂಟು ದಿನಕ್ಕೊಮ್ಮೆ ಪಾಳಿ. 80 ಕೊಡದ ಬದಲು 50. ಪಾತಿಯನ್ನು ಬೊಡ್ಡೆಯಿಂದ ದೂರ ಅಗಲಿಸಿ, ಮೇಲೆ ಗೋವಿನಜೋಳದ ರವದಿ (ಒಣಗಿದ ಎಲೆ) ಹಾಸಿದೆ. ಶೇಂಗಾ ಹೊಟ್ಟು ಎತ್ತುಗಳಿಗೆ ಬೇಕಿತ್ತು, ಅದನ್ನು ಮುಟ್ಟಲಿಲ್ಲ. ನಡುವೆ ಗಿಡಗಳು ಹಳೆ ಎಲೆ ಉದುರಿಸಿದವು. ಹೆದರಿದ್ದೆ, ಆದರೆ ಅದು ಅವು ಖರ್ಚು ಕಡಿಮೆ ಮಾಡಿಕೊಳ್ಳುವ ರೀತಿ.

ಯೂರಿಯಾ ಸಾಲಿನಲ್ಲಿ ಮಾತ್ರ ಹೊಸ ಚಿಗುರು ಒಡೆದಿತ್ತು. ನೋಡಿ ಖುಷಿಪಟ್ಟಿದ್ದೆ. ಎಲೆ ಹೆಚ್ಚಾದಷ್ಟೂ ನೀರು ಹೆಚ್ಚು ಬೇಕು ಅನ್ನುವುದು ಆಗ ಹೊಳೆಯಲಿಲ್ಲ. ಮುಂದಿನ ಮಳೆಗಾಲಕ್ಕೆ 71 ಗಿಡ ಉಳಿದವು. ಹೋದ ಒಂಬತ್ತರಲ್ಲಿ ಆರು ಆ ಸಾಲಿನವೇ.